ಸೊನ್ನೆ ಹಾಕಿದ ಸಾಲುಗಳು: ಒಬ್ಬ ವ್ಯಾಪಾರ ಅರ್ಥಶಾಸ್ತ್ರಜ್ಞೆಯ ಪ್ರಕರಣ

ವ್ಯಾಪಾರ ಮತ್ತು ಅಭಿವೃದ್ಧಿ ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿಗೆ ಹೊರಟವರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ. ಯಾವ ವಿಷಯ ತಗೊಳ್ಳಲಿ? ಯಾವ ಯೂನಿವರ್ಸಿಟಿಗೆ ಹೋಗಲಿ? ಎರಡೂ ಬೇಕಾದ ಪ್ರಶ್ನೆಗಳೇ. ಆದರೆ ಕೆಲಸಕ್ಕೆ ಸೇರಿ ಕೆಲವು ವರ್ಷ ಆದ ಮೇಲೆ ಎದುರಾಗುವ ಪ್ರಶ್ನೆ ಬೇರೆ. ಯಾವ ಫಲಿತಾಂಶ ತೋರಿಸಿ ಕೆಲಸ ಗಿಟ್ಟಿಸಿಕೊಂಡಿರೋ ಅದೇ ಅಲ್ಲಾಡತೊಡಗಿದರೆ ಏನು ಮಾಡುತ್ತೀರಿ? ಇದಕ್ಕೆ ಯಾರೂ ತಯಾರಾಗಿ ಬಂದಿರುವುದಿಲ್ಲ.

ಅಂಥ ಒಂದು ಪ್ರಕರಣ ಇಲ್ಲಿದೆ. ಹೆಸರು, ಯೂನಿವರ್ಸಿಟಿ, ಇಸವಿಗಳನ್ನು ಬಿಟ್ಟಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವೈಯಕ್ತಿಕ ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ. ಸುಂಕ, ಸಮೀಕ್ಷೆ, ಮಾರುಕಟ್ಟೆಯ ವಿಚಾರ ಮಾತ್ರ ಇದ್ದ ಹಾಗೇ ಇದೆ. ಅವರನ್ನು ಸುಮ್ನೆ 'ಸಂಶೋಧಕಿ' ಎಂದು ಕರೆಯೋಣ.

ಹಿನ್ನೆಲೆ

ಸಂಶೋಧಕಿ ಕರಾವಳಿ ಕಡೆಯವರು. ಬೆಂಗಳೂರಿನಲ್ಲಿ ಎಂಎ, ಆಮೇಲೆ ಅಮೆರಿಕದಲ್ಲಿ ಪಿಎಚ್‌ಡಿ. ಅವರ ಪ್ರಬಂಧದ ವಿಷಯ 1991ರ ಉದಾರೀಕರಣ.

ವ್ಯಾಪಾರ ಅರ್ಥಶಾಸ್ತ್ರಜ್ಞರಿಗೆ 1991 ಅಂದರೆ ಯಾಕಿಷ್ಟು ಪ್ರೀತಿ ಎಂದು ಹೇಳಿಬಿಡುತ್ತೇನೆ. ಅದಕ್ಕೂ ಮುಂಚೆ ನಮ್ಮಲ್ಲಿ ಕೆಲವು ವಸ್ತುಗಳ ಮೇಲಿನ ಆಮದು ಸುಂಕ ಶೇ 300 ದಾಟಿತ್ತು. ಆ ವರ್ಷದ ಜುಲೈ ಬಜೆಟ್‌ನಲ್ಲಿ ಮನಮೋಹನ್ ಸಿಂಗ್ ಗರಿಷ್ಠ ಸುಂಕವನ್ನು ಶೇ 150ಕ್ಕೆ ತಂದರು. 1990ರಲ್ಲಿ ಶೇ 80ರ ಮೇಲಿದ್ದ ಸರಾಸರಿ ಸುಂಕ 1996ರ ಹೊತ್ತಿಗೆ ಶೇ 40ಕ್ಕಿಂತ ಕೆಳಗೆ ಬಂತು. ವಿದೇಶಿ ವಿನಿಮಯ ಖಾಲಿಯಾಗಿ, ಐಎಂಎಫ್ ಬಾಗಿಲು ತಟ್ಟಿದ ಹೊತ್ತಿನಲ್ಲಿ ಆದ ಕೆಲಸ ಅದು. ಯಾವ ಉದ್ಯಮ ಹಿಂದುಳಿದಿದೆ, ಯಾವುದನ್ನು ಕಾಪಾಡಬೇಕು ಎಂದು ಕೂತು ಲೆಕ್ಕ ಹಾಕಲು, ಲಾಬಿ ಮಾಡಲು ಸಮಯ ಇರಲಿಲ್ಲ. ಹಾಗಾಗಿ ಯಾವ ವಸ್ತುವಿಗೆ ಸುಂಕ ಎಷ್ಟು ಇಳಿಯಿತು ಅನ್ನುವುದು ಆ ಉದ್ಯಮದ ಹಣೆಬರಹಕ್ಕೆ ಅಂಟಿಕೊಂಡಿರಲಿಲ್ಲ. ಕಾರಣ ಮತ್ತು ಪರಿಣಾಮವನ್ನು ಬಿಡಿಸಿ ನೋಡುವವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಅಪರೂಪ.

ಈ ದಾರಿಯಲ್ಲಿ ಹೆಚ್ಚು ಚರ್ಚೆಯಾದ ಕೆಲಸ ಅರ್ಥಶಾಸ್ತ್ರಜ್ಞೆ ಪೆತ್ಯಾ ಟೊಪಲೊವಾ ಅವರದು, 2010ರಲ್ಲಿ ಪ್ರಕಟವಾಯಿತು. ಸುಂಕ ಇಳಿಕೆಯ ಬಿಸಿ ಜಾಸ್ತಿ ತಟ್ಟಿದ ಜಿಲ್ಲೆಗಳ ಹಳ್ಳಿಗಳಲ್ಲಿ ಬಡತನ ಇಳಿಯಿತು, ಆದರೆ ಉಳಿದ ಕಡೆಗಿಂತ ನಿಧಾನವಾಗಿ ಇಳಿಯಿತು ಅನ್ನುವುದು ಅದರ ಸಾರ. ಸಂಶೋಧಕಿ ಅದೇ ಅಳತೆಗೋಲನ್ನು ಹಿಡಿದುಕೊಂಡು ಬೇರೆ ಪ್ರಶ್ನೆ ಕೇಳಿದರು: ಅಂಥ ಜಿಲ್ಲೆಗಳಲ್ಲಿ ಹೆಂಗಸರ ದುಡಿಮೆ ಏನಾಯಿತು?

ಡೇಟಾ ರಾಷ್ಟ್ರೀಯ ಮಾದರಿ ಸಮೀಕ್ಷೆಯದು. 1987-88ರ 43ನೇ ಸುತ್ತು, 1999-2000ದ 55ನೇ ಸುತ್ತು. ಕೇಳಲು ಸುಲಭ. ಕೂತರೆ ಗೊತ್ತಾಗುತ್ತದೆ. ಎರಡು ಸುತ್ತುಗಳ ನಡುವೆ, 1997ರಲ್ಲಿ, ಕರ್ನಾಟಕದಲ್ಲೇ ಏಳು ಹೊಸ ಜಿಲ್ಲೆ ಹುಟ್ಟಿದವು. ಚಾಮರಾಜನಗರವನ್ನು ಮತ್ತೆ ಮೈಸೂರಿಗೆ ಸೇರಿಸಬಹುದು, ಉಡುಪಿಯನ್ನು ದಕ್ಷಿಣ ಕನ್ನಡಕ್ಕೆ ಸೇರಿಸಬಹುದು. ದಾವಣಗೆರೆಯನ್ನು ಎಲ್ಲಿಗೆ ಸೇರಿಸುತ್ತೀರಿ? ಚಿತ್ರದುರ್ಗದಿಂದ ಒಂದಷ್ಟು, ಶಿವಮೊಗ್ಗದಿಂದ ಹೊನ್ನಾಳಿ ಮತ್ತು ಚನ್ನಗಿರಿ, ಬಳ್ಳಾರಿಯಿಂದ ಹರಪನಹಳ್ಳಿ ಸೇರಿ ಆದ ಜಿಲ್ಲೆ ಅದು. ಕೊನೆಗೆ ಆ ಅಷ್ಟೂ ಜಿಲ್ಲೆಗಳನ್ನು ಒಂದೇ ದೊಡ್ಡ ಜಿಲ್ಲೆ ಎಂದು ಲೆಕ್ಕ ಹಿಡಿಯಬೇಕಾಯಿತು. ಇಡೀ ದೇಶಕ್ಕೆ ಹೀಗೇ. ಇದರ ಜೊತೆಗೆ ಸುಂಕದ ಪುಸ್ತಕದಲ್ಲಿ ವಸ್ತುಗಳಿಗೆ ಒಂದು ಸಂಕೇತ ಪದ್ಧತಿ, ಸಮೀಕ್ಷೆಯಲ್ಲಿ ಉದ್ಯೋಗಗಳಿಗೆ ಇನ್ನೊಂದು. ಆರಂಕಿಯ ಸುಂಕ ಸಂಕೇತಗಳೇ ಸುಮಾರು 5000 ಇವೆ. ಅವನ್ನು ಒಂದೊಂದಾಗಿ ಉದ್ಯೋಗದ ಪಟ್ಟಿಗೆ ಹೊಂದಿಸಿ ಅವರು ಒಂದು ಕೋಷ್ಟಕ ಮಾಡಿಕೊಂಡರು. ಇದನ್ನು ಹೊಂದಾಣಿಕೆ ಕೋಷ್ಟಕ ಎನ್ನೋಣ. ಪ್ರಬಂಧದಲ್ಲಿ ಅದಕ್ಕೆ ಸಿಕ್ಕಿದ್ದು ಅನುಬಂಧದಲ್ಲಿ ಅರ್ಧ ಪುಟ.

ಫಲಿತಾಂಶ ಚೆನ್ನಾಗಿ ಬಂತು. ಸುಂಕದ ಬಿಸಿ ತಟ್ಟಿದ ಜಿಲ್ಲೆಗಳಲ್ಲಿ ಹಳ್ಳಿ ಹೆಂಗಸರ ಕೆಲಸ ಕಡಿಮೆಯಾಗಿತ್ತು. ಅದನ್ನೇ ಹಿಡಿದುಕೊಂಡು ಅವರಿಗೆ ಅಮೆರಿಕದ ಒಂದು ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು. ಕೆಲವು ವರ್ಷದಲ್ಲಿ ಕಾಯಂ ಆಗಬೇಕು, ಇಲ್ಲ ಗಂಟುಮೂಟೆ ಕಟ್ಟಬೇಕು. ಅಲ್ಲಿನ ಪದ್ಧತಿ ಅದು.

ತೊಂದರೆ

ಪತ್ರಿಕೆಗೆ ಕಳಿಸಿದ ಲೇಖನ ಪರಾಮರ್ಶಕರ ಟಿಪ್ಪಣಿಗಳೊಂದಿಗೆ ವಾಪಸ್ ಬಂತು. ಅದರಲ್ಲಿ ಒಂದು ಟಿಪ್ಪಣಿ ಬೇರುಗಳಿಗೇ ಕೈ ಹಾಕಿತ್ತು.

ವಿಷಯ ಹೀಗೆ. ಒಂದು ಜಿಲ್ಲೆಗೆ ಸುಂಕದ ಬಿಸಿ ಎಷ್ಟು ತಟ್ಟಿತು ಎಂದು ಅಳೆಯಲು, ಅಲ್ಲಿ ಯಾವ್ಯಾವ ಉದ್ಯೋಗದಲ್ಲಿ ಎಷ್ಟು ಜನ ಇದ್ದರು ಎಂದು ನೋಡಿ, ಅದನ್ನು ಆಯಾ ವಸ್ತುವಿನ ಸುಂಕ ಇಳಿಕೆಯಿಂದ ಗುಣಿಸಿ ಕೂಡುತ್ತಾರೆ. ರಾಗಿ, ಜೋಳ, ಭತ್ತ ಬೆಳೆಯುವವರು, ಮನೆ ಕಟ್ಟುವವರು, ಅಂಗಡಿ ಇಟ್ಟವರು: ಇವರಿಗೆಲ್ಲ ಸೊನ್ನೆ. ಯಾಕೆಂದರೆ ಆ ಕಾಲದಲ್ಲಿ ದವಸಧಾನ್ಯ ಮತ್ತು ಎಣ್ಣೆಬೀಜಗಳ ಆಮದು ಸರ್ಕಾರಿ ಸಂಸ್ಥೆಗಳ ಮೂಲಕವೇ ನಡೆಯುತ್ತಿತ್ತು, ಕಟ್ಟಡ ಕೆಲಸವಂತೂ ಆಮದಾಗುವುದೇ ಇಲ್ಲ. ಈಗ ಒಂದು ಜಿಲ್ಲೆಯಲ್ಲಿ 100 ಜನರಲ್ಲಿ 80 ಜನ ಸೊನ್ನೆಯವರು, 20 ಜನ ಬಟ್ಟೆ ಉದ್ಯಮದವರು ಎಂದುಕೊಳ್ಳಿ. ಬಟ್ಟೆಯ ಸುಂಕ 50 ಅಂಶ ಇಳಿಯಿತು. ಜಿಲ್ಲೆಯ ಅಂಕಿ 10. ಪಕ್ಕದ ಜಿಲ್ಲೆಯಲ್ಲಿ 40 ಜನ ಸೊನ್ನೆ, 60 ಜನ ಬಟ್ಟೆ. ಅಂಕಿ 30. ಎರಡು ಕಡೆಯೂ ಇಳಿದದ್ದು ಅದೇ ಬಟ್ಟೆಯ ಅದೇ ಸುಂಕ. ವ್ಯತ್ಯಾಸ ಹುಟ್ಟಿದ್ದು ಸೊನ್ನೆಯವರು ಎಷ್ಟಿದ್ದರು ಅನ್ನುವುದರಿಂದ ಮಾತ್ರ. ಅಂದರೆ ಅಳತೆ ಹಿಡಿಯುತ್ತಿರುವುದು ಸುಂಕವನ್ನೋ, ಇಲ್ಲ ಆ ಜಿಲ್ಲೆ ಎಷ್ಟು ಬಡ ಬೇಸಾಯದ ಜಿಲ್ಲೆ ಅನ್ನುವುದನ್ನೋ?

ಈ ಸಂಶಯ ಹೊಸದೇನಲ್ಲ. ಟೊಪಲೊವಾ ಅವರೇ, ವ್ಯಾಪಾರವಾಗುವ ಸರಕುಗಳನ್ನಷ್ಟೇ ತೂಗಿದ ಇನ್ನೊಂದು ಅಳತೆಯನ್ನು ಜೊತೆಗಿಟ್ಟುಕೊಂಡಿದ್ದರು. 2013ರಲ್ಲಿ ಅರ್ಥಶಾಸ್ತ್ರಜ್ಞ ಬ್ರಯನ್ ಕೋವಾಕ್ ಬ್ರೆಜಿಲ್ ಮೇಲೆ ಮಾಡಿದ ಕೆಲಸದಲ್ಲಿ ಸೊನ್ನೆ ಹಾಕುವುದು ಯಾಕೆ ತಪ್ಪು ಎಂದು ಸಿದ್ಧಾಂತದಿಂದಲೇ ತೋರಿಸಿದರು. ಕಾರ್ಖಾನೆಯ ಕೂಲಿ ಬಿದ್ದರೆ ಅದೇ ಊರಿನ ಕ್ಷೌರದಂಗಡಿ, ಹೋಟೆಲಿನ ರೇಟೂ ಬೀಳುತ್ತದೆ. ಅವು ಸೊನ್ನೆಯಲ್ಲಿ ನಿಂತಿರುವುದಿಲ್ಲ. ಹಾಗಾಗಿ ಅವನ್ನು ಲೆಕ್ಕದಿಂದ ಬಿಟ್ಟು, ಉಳಿದವುಗಳ ತೂಕ ಕೂಡಿದರೆ ಒಂದಾಗುವ ಹಾಗೆ ಮಾಡಬೇಕು.

ಸಂಶೋಧಕಿ ಹಾಗೆ ಮಾಡಿ ನೋಡಿದರು. ಪರಿಣಾಮ ಅರ್ಧಕ್ಕಿಂತ ಕೆಳಗೆ ಇಳಿಯಿತು. ಸೊನ್ನೆಯಿಂದ ಬೇರೆ ಎಂದು ಹೇಳಲೂ ಆಗದಷ್ಟು ಅನಿಶ್ಚಿತವಾಯಿತು.

ಮಾಡಿ ನೋಡಿದ್ದು

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ವಯಸ್ಸಿನ ಮಿತಿ ಬದಲಿಸಿದರು. ಈಶಾನ್ಯದ ರಾಜ್ಯಗಳನ್ನು ಬಿಟ್ಟರು. ಕೂಲಿಯವರನ್ನು ಬೇರೆ, ಸ್ವಂತ ದುಡಿಮೆಯವರನ್ನು ಬೇರೆ ಮಾಡಿದರು. ಕೆಲವು ಕಡೆ ಫಲಿತಾಂಶ ವಾಪಸ್ ಬಂತು, ಕೆಲವು ಕಡೆ ಇಲ್ಲ. ಇದರಲ್ಲಿ ಮೋಸ ಇರಲಿಲ್ಲ, ಪ್ರತಿಯೊಂದಕ್ಕೂ ಒಂದು ಸಮರ್ಥನೆ ಇತ್ತು. ಅದೇ ಅಪಾಯ ನೋಡಿ. ಸಮರ್ಥನೆ ಕೊಡಬಲ್ಲ ಬುದ್ಧಿವಂತರಿಗೆ ಈ ದಾರಿಯಲ್ಲಿ ಎಲ್ಲಿ ನಿಲ್ಲಬೇಕು ಎಂದು ತಿಳಿಯುವುದಿಲ್ಲ.

ಅಷ್ಟರಲ್ಲಿ ಲೇಖನಕ್ಕೆ ಒಬ್ಬ ಸಹಲೇಖಕರು ಸೇರಿದ್ದರು. ಅವರ ವಾದ ನೇರವಾಗಿತ್ತು: "ಹಳೇ ಅಳತೆಯನ್ನು ಹತ್ತಾರು ಜನ ಬಳಸಿದ್ದಾರೆ. ಹೊಸದನ್ನು ಅನುಬಂಧಕ್ಕೆ ಹಾಕಿ ಬೇರೆ ಪತ್ರಿಕೆಗೆ ಕಳಿಸೋಣ. ನಾವೇನು ಮುಚ್ಚಿಡ್ತಿಲ್ಲವಲ್ಲ." ನನ್ನನ್ನು ಕೇಳಿದರೆ ಇದು ಕೆಟ್ಟ ಸಲಹೆ ಅಲ್ಲ. ಕಾಯಂ ಆಗುವ ಗಡುವು ಹತ್ತಿರವಿರುವವರಿಗೆ ಹಿರಿಯರು ಕೊಡುವ ಸಲಹೆಯೂ ಸಾಮಾನ್ಯವಾಗಿ ಇದೇ. ಸಂಶೋಧಕಿ ಒಪ್ಪಲಿಲ್ಲ, ಆದರೆ ಬೇಡ ಎಂದೂ ಹೇಳಲಿಲ್ಲ. ಲೇಖನ ಹಾಗೇ ಕೂತಿತ್ತು.

ಇದೇ ಹೊತ್ತಿಗೆ ಇನ್ನೊಂದು ಒತ್ತಡ. ಕರಡು ಪ್ರತಿ ಓದಿದ್ದ ಒಂದು ಸಂಘಟನೆ, ಮುಕ್ತ ವ್ಯಾಪಾರದಿಂದ ಹೆಂಗಸರ ಕೆಲಸ ಹೋಯಿತು ಎಂದು ಹೇಳಲು ಅವರನ್ನು ಭಾಷಣಕ್ಕೆ ಕರೆಯಿತು. ಅಂಕಿ ಕುಗ್ಗಿದ ಸುದ್ದಿ ಹೇಗೋ ಹರಡಿ, ವಿರುದ್ಧ ಪಾಳೆಯದವರು ವ್ಯಾಪಾರದಿಂದ ಏನೂ ಆಗಲಿಲ್ಲ ಎಂದು ಬರೆದುಕೊಡಿ ಅಂದರು. ಎರಡಕ್ಕೂ ಅವರು ಇಲ್ಲ ಎಂದರು. ಪರಿಣಾಮ ಕಾಣುತ್ತಿಲ್ಲ ಅನ್ನುವುದಕ್ಕೂ ಪರಿಣಾಮ ಇಲ್ಲ ಅನ್ನುವುದಕ್ಕೂ ಇರುವ ದೂರ ಅವರಿಗೆ ಗೊತ್ತಿತ್ತು.

ತಿರುವು ಬಂದದ್ದು ಬೆಂಗಳೂರಿನಲ್ಲಿ ಕೊಟ್ಟ ಒಂದು ಉಪನ್ಯಾಸದಲ್ಲಿ. ಕೊನೆಯಲ್ಲಿ ರೇಷ್ಮೆ ಇಲಾಖೆಯಿಂದ ನಿವೃತ್ತರಾದ ಒಬ್ಬರು ಕೈ ಎತ್ತಿದರು. "ಮೇಡಂ, ನಿಮ್ಮ ಲೆಕ್ಕದಲ್ಲಿ ಗೂಡು ಬೆಳೆಯೋರು ಎಲ್ಲಿ ಬರ್ತಾರೆ?"

ಸಂಶೋಧಕಿ ಬೇಸಾಯದಲ್ಲಿ ಎಂದರು. "ಹಾಗಾದರೆ ಚೀನಾ ನೂಲಿನ ಸುಂಕ ಇಳಿದ್ರೆ ಅವರಿಗೆ ಏನೂ ಆಗಲ್ವಾ?"

ಕೋಷ್ಟಕ ತೆಗೆದು ನೋಡಿದರೆ ಸಂಗತಿ ಅಷ್ಟೇ ಸರಳವಾಗಿತ್ತು. ರೇಷ್ಮೆ ಗೂಡಿನ ಸುಂಕ ಸಂಕೇತ 5001. ಕಚ್ಚಾ ರೇಷ್ಮೆಯದು 5002, ರೇಷ್ಮೆ ಬಟ್ಟೆಯದು 5007. ಗಡಿ ದಾಟಿ ಬಂದು ಪೈಪೋಟಿ ಕೊಡುವುದು 5002, ಅಂದರೆ ಚೀನಾದ ನೂಲು. ಕೋಷ್ಟಕದಲ್ಲಿ 5002 ಹೋಗಿ ಕೂತಿದ್ದು ಜವಳಿ ಉದ್ಯಮದ ಸಾಲಿನಲ್ಲಿ, ಅಂದರೆ ಗೂಡಿನಿಂದ ನೂಲು ತೆಗೆಯುವ ರೀಲರುಗಳ ಪಾಲಿಗೆ. ಹಿಪ್ಪುನೇರಳೆ ಬೆಳೆದು ಹುಳು ಸಾಕುವ ಕುಟುಂಬ ಬೇಸಾಯದ ಸಾಲಿನಲ್ಲಿತ್ತು. ಅವರಿಗೆ ನೂಲಿನ ಸುಂಕ ತಾಗುತ್ತಲೇ ಇರಲಿಲ್ಲ. ಕೋಲಾರದಲ್ಲಿ, ಆಗಿನ ಬೆಂಗಳೂರು ಗ್ರಾಮಾಂತರದಲ್ಲಿ ಸಾವಿರಾರು ಮನೆಗಳನ್ನು ಲೆಕ್ಕವು ಬಿಸಿ ತಟ್ಟದವರು ಎಂದು ಬರೆದುಕೊಂಡಿತ್ತು.

ರಾಮನಗರದ ಮಾರುಕಟ್ಟೆ

ಮುಂದಿನ ರಜೆಯಲ್ಲಿ ಅವರು ರಾಮನಗರದ ಗೂಡಿನ ಮಾರುಕಟ್ಟೆಗೆ ಹೋದರು. ಕನಕಪುರ, ಮಾಗಡಿ ಕಡೆಯಿಂದೆಲ್ಲ ರೈತರು ಗೂಡು ತಂದು ಸುರಿದಿರುತ್ತಾರೆ. ರೀಲರುಗಳು ಲಾಟಿನಿಂದ ಲಾಟಿಗೆ ಹೋಗಿ, ಒಂದು ಹಿಡಿ ಎತ್ತಿ, ಬೆರಳಲ್ಲಿ ಒತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಮುಂದೆ ಹೋಗುತ್ತಾರೆ. ಒಬ್ಬ ರೀಲರ್ ಹೇಳಿದ ಮಾತನ್ನು ಸಂಶೋಧಕಿ ಈಗಲೂ ಹೇಳುತ್ತಿರುತ್ತಾರೆ: "ಬೆಂಗಳೂರಲ್ಲಿ ಚೀನಾ ನೂಲು ಏನು ರೇಟು ಅಂತ ಫೋನಲ್ಲಿ ಕೇಳ್ಕೊಂಡೇ ನಾವಿಲ್ಲಿ ಕೂಗೋದು, ಮೇಡಂ."

ಒಂದು ಕೆಜಿ ನೂಲಿಗೆ ಸುಮಾರು 6ರಿಂದ 8 ಕೆಜಿ ಗೂಡು ಬೇಕು. ಇದಕ್ಕೆ ಈ ವ್ಯಾಪಾರದಲ್ಲಿ ರೆಂಡಿಟ್ಟಾ ಅನ್ನುತ್ತಾರೆ. 7 ಎಂದೇ ಇಟ್ಟುಕೊಳ್ಳಿ. ನೂಲಿನ ಬೆಲೆ ಕೆಜಿಗೆ 700 ರೂಪಾಯಿ ಬಿದ್ದರೆ, ರೀಲರ್ ತನ್ನ ಖರ್ಚು, ಲಾಭ ಹಾಗೇ ಉಳಿಸಿಕೊಳ್ಳಬೇಕಾದರೆ ಗೂಡಿಗೆ ಕೆಜಿಗೆ 100 ರೂಪಾಯಿ ಕಡಿಮೆ ಕೂಗಬೇಕು. ರೈತ ಗೂಡನ್ನು ಮನೆಗೆ ವಾಪಸ್ ಒಯ್ದು ಒಳ್ಳೆಯ ರೇಟಿಗೆ ಕಾಯುವ ಹಾಗೂ ಇಲ್ಲ. ಕೆಲವೇ ದಿನದಲ್ಲಿ ಚಿಟ್ಟೆ ಗೂಡು ಸೀಳಿಕೊಂಡು ಬರುತ್ತದೆ, ಆಮೇಲೆ ನೂಲು ಎಳೆಯಲು ಆಗಲ್ಲ. ಪೆಟ್ಟು ಬಂದರೆ ನೇರವಾಗಿ ರೈತನ ಮೇಲೇ.

ಇದನ್ನು ಪರೀಕ್ಷಿಸಲು ಒಂದು ಘಟನೆಯೂ ಸಿಕ್ಕಿತು. 2011-12ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಸುಂಕ ಶೇ 30ರಿಂದ ಒಮ್ಮೆಗೇ 5ಕ್ಕೆ ಇಳಿಯಿತು. 2013-14ರಲ್ಲಿ ಮತ್ತೆ 15ಕ್ಕೆ ಏರಿತು. ಸಮೀಕ್ಷೆಯ 66ನೇ ಸುತ್ತು 2009-10ರದು, 68ನೇ ಸುತ್ತು 2011-12ರದು. ಇಳಿಕೆ ಸರಿಯಾಗಿ ಇವೆರಡರ ನಡುವೆ ಬಿತ್ತು. ಇಂಥದ್ದು ಸಿಕ್ಕರೆ ಸಂಶೋಧಕರಿಗೆ ಹಬ್ಬ.

ಆದರೆ ಹಬ್ಬ ಬೇಗ ಮುಗಿಯಿತು. ಸಮೀಕ್ಷೆಯಲ್ಲಿ ಒಂದು ಜಿಲ್ಲೆಗೆ ಸಿಗುವ ಮನೆಗಳೇ ಕಡಿಮೆ, ಅದರಲ್ಲಿ ರೇಷ್ಮೆ ಮನೆಗಳು ಬೆರಳೆಣಿಕೆ. ಅದಕ್ಕಿಂತ ದೊಡ್ಡ ತೊಡಕು ಹೆಂಗಸರ ಕೆಲಸವನ್ನು ಬರೆದುಕೊಳ್ಳುವ ರೀತಿಯಲ್ಲಿತ್ತು. ಸೊಪ್ಪು ಕೊಯ್ಯುವುದು, ಹುಳುವಿನ ಹಾಸಿಗೆ ಬದಲಿಸುವುದು, ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ (ಬಿದಿರಿನ ತಟ್ಟೆಗೆ) ಬಿಡುವುದು, ಬಹುಪಾಲು ಹೆಂಗಸರ ಕೈಕೆಲಸ. ಸಮೀಕ್ಷೆಯಲ್ಲಿ ಇದಕ್ಕೆ 21ನೇ ಸಂಕೇತ ಬೀಳಬೇಕು, ಅಂದರೆ ಸಂಬಳವಿಲ್ಲದೆ ಮನೆಯ ಉದ್ಯೋಗದಲ್ಲಿ ನೆರವಾಗುವವರು. "ಏನು ಕೆಲಸ ಮಾಡ್ತೀರಮ್ಮ" ಎಂದು ಕೇಳಿದಾಗ "ಮನೇಲಿರ್ತೀನಿ" ಎಂದುಬಿಟ್ಟರೆ 92, ಬರೀ ಮನೆಗೆಲಸ. ಗೂಡಿನ ರೇಟು ಬಿದ್ದು ಹುಳು ಸಾಕುವುದನ್ನು ನಿಲ್ಲಿಸಿದ ಮನೆಯಲ್ಲಿ ಮೊದಲೂ 92 ಇತ್ತು, ಆಮೇಲೂ 92. ಕೆಲಸ ಹೋದದ್ದು ಕಾಗದದ ಮೇಲೆ ಕಾಣುವುದೇ ಇಲ್ಲ.

ಏನಾಯಿತು

ಇಲ್ಲಿ ಅವರು ತಗೊಂಡ ತೀರ್ಮಾನವೇ ಪ್ರಕರಣದ ಮುಖ್ಯ ಭಾಗ. ರೇಷ್ಮೆಯ ಒಂದು ಕಥೆ ಹಿಡಿದು ಹಳೇ ಫಲಿತಾಂಶವನ್ನು ಉಳಿಸಿಕೊಳ್ಳುವ ಆಸೆ ಇದ್ದೇ ಇತ್ತು. ಅದನ್ನು ಬಿಟ್ಟು ಕೋಷ್ಟಕವನ್ನೇ ಹೊಸದಾಗಿ ಕಟ್ಟಲು ಕೂತರು. ಸೊನ್ನೆ ಹಾಕಿದ ಪ್ರತಿ ಸಾಲನ್ನೂ ತೆಗೆದು ಒಂದೇ ಪ್ರಶ್ನೆ: ಇವರು ಬೆಳೆಯುವುದು ಗಡಿ ದಾಟುವುದಿಲ್ಲ ಸರಿ, ಅದರಿಂದ ಮಾಡಿದ ವಸ್ತು ದಾಟುತ್ತದೆಯೇ? ಗೂಡು ದಾಟಲ್ಲ, ನೂಲು ದಾಟುತ್ತದೆ. ಕಬ್ಬು ದಾಟಲ್ಲ, ಸಕ್ಕರೆ ದಾಟುತ್ತದೆ. ಕಡಲೆಕಾಯಿಗೆ ಸೊನ್ನೆ ಹಾಕಿದ್ದರು. ಆದರೆ 1994ರಲ್ಲಿ ಪಾಮೊಲಿನ್ ಅಂದರೆ ತಾಳೆ ಎಣ್ಣೆಯ ಆಮದು ಮುಕ್ತವಾದ ಮೇಲೆ ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೆ ಪೈಪೋಟಿ ಎಲ್ಲಿಂದ ಬಂತು ಎಂದು ಆ ಕಡೆಯ ಯಾರನ್ನು ಕೇಳಿದರೂ ಹೇಳುತ್ತಾರೆ. ಗಿರಣಿಗೆ ತಟ್ಟಿದ್ದು ಹೊಲಕ್ಕೆ ತಟ್ಟದೇ ಇರುತ್ತದೆಯೇ?

ಸಹಲೇಖಕರು ಈ ಹಂತದಲ್ಲಿ ಬೇರೆಯಾದರು. ಜಗಳ ಏನಿಲ್ಲ. ಅವರಿಗೂ ಗಡುವು ಇತ್ತು, ಈ ಕೆಲಸಕ್ಕೆ ಯಾರು ಹೆಸರು ಕೊಡುತ್ತಾರೆ ಅನ್ನುವ ಅವರ ಪ್ರಶ್ನೆಯಲ್ಲಿ ನ್ಯಾಯವೂ ಇತ್ತು.

ಹೊಸ ಕೋಷ್ಟಕದಿಂದ ಲೆಕ್ಕ ಹಾಕಿದಾಗ ಹಳೇ ಫಲಿತಾಂಶ ಎದ್ದು ಬಂತೇ? ಇಲ್ಲ. ದೇಶದ ಸರಾಸರಿಯಲ್ಲಿ ಹೆಂಗಸರ ದುಡಿಮೆಯ ಮೇಲಿನ ಪರಿಣಾಮ ಈಗಲೂ ಖಚಿತವಾಗಿ ಹೇಳುವಷ್ಟು ಇರಲಿಲ್ಲ. ಅದನ್ನು ಅವರು ಲೇಖನದ ಮೊದಲ ಪುಟದಲ್ಲೇ, ತಮ್ಮ ಪ್ರಬಂಧದ ಫಲಿತಾಂಶ ನಿಲ್ಲುವುದಿಲ್ಲ ಎಂದು ಬರೆದರು. ರೇಷ್ಮೆಯ ವಿಚಾರಕ್ಕೆ ಸಮೀಕ್ಷೆ ಬಿಟ್ಟು ಮಾರುಕಟ್ಟೆಗಳ ದಿನದ ಬೆಲೆ, ಆವಕದ ದಾಖಲೆ ಹಿಡಿದರು. ಅಲ್ಲಿಯೂ ಸುಲಭವಿರಲಿಲ್ಲ. ಚೀನಾದಲ್ಲೇ ಬೆಲೆ ಏರಿಳಿದರೆ ಅದನ್ನು ಸುಂಕದಿಂದ ಬೇರ್ಪಡಿಸಬೇಕು. ಚೀನಾ ನೂಲಿನ ಮೇಲೆ ಆಂಟಿ ಡಂಪಿಂಗ್ ಸುಂಕ (ತೀರಾ ಅಗ್ಗಕ್ಕೆ ತಂದು ಸುರಿಯುವುದನ್ನು ತಡೆಯುವ ಹೆಚ್ಚುವರಿ ಸುಂಕ) ಇದ್ದ ಕಾಲವನ್ನು ಬೇರೆ ಇಡಬೇಕು. ಬೆಲೆ ಬಿದ್ದಾಗ ರಾಜ್ಯ ಸರ್ಕಾರ ಕೊಡುವ ಪ್ರೋತ್ಸಾಹಧನ ರೈತನ ಕೈಗೆ ಸಿಕ್ಕ ಬೆಲೆಯಲ್ಲಿ ಸೇರಿದೆಯೇ ಎಂದು ನೋಡಬೇಕು. ಬೆಲೆಯ ಬಗ್ಗೆ ಒಂದಷ್ಟು ಗಟ್ಟಿಯಾಗಿ ಹೇಳಲು ಆಯಿತು, ದುಡಿಮೆಯ ಬಗ್ಗೆ ಆಗಲಿಲ್ಲ. ಆ ಲೇಖನ ಒಂದು ಸಾಧಾರಣ ಪತ್ರಿಕೆಯಲ್ಲಿ, ತುಂಬ ತಡವಾಗಿ ಬಂತು.

ಕೋಷ್ಟಕವನ್ನು ಮಾತ್ರ ಅವರು ಲೇಖನಕ್ಕೆ ಕಾಯದೆ ಎಲ್ಲರಿಗೂ ಸಿಗುವ ಹಾಗೆ ಹೊರಗೆ ಹಾಕಿದರು. ಜಿಲ್ಲೆ ಸೇರಿಸಿದ ಪಟ್ಟಿ, ಸಂಕೇತ ಹೊಂದಿಸಿದ ಪಟ್ಟಿ, ಪ್ರತಿ ಸಾಲಿಗೂ ಯಾಕೆ ಹೀಗೆ ಮಾಡಿದೆ ಅನ್ನುವ ಎರಡು ಮಾತಿನ ಟಿಪ್ಪಣಿ. ಬೇರೆ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಅದನ್ನು ಬಳಸತೊಡಗಿದರು, ತಪ್ಪು ಹುಡುಕಿ ಕಳಿಸಿದರು. ಕಾಯಂ ಮಾಡುವ ಸಮಿತಿ ಹೊರಗಿನವರಿಂದ ತರಿಸಿಕೊಂಡ ಪತ್ರಗಳಲ್ಲಿ ಹೆಚ್ಚು ಮಾತು ಬಂದದ್ದು ಈ ಕೋಷ್ಟಕದ ಬಗ್ಗೆಯೇ. ಅವರು ಕಾಯಂ ಆದರು.

ನನ್ನ ಓದು

ಪ್ರಾಮಾಣಿಕರಾಗಿದ್ದರು, ಅದಕ್ಕೇ ಗೆದ್ದರು ಎಂದು ಇದನ್ನು ಹೇಳಿದರೆ ತಪ್ಪಾಗುತ್ತದೆ. ಸಮಿತಿ ಬೇರೆಯದಿದ್ದರೆ ಪಟ್ಟಿಯಲ್ಲಿ ದೊಡ್ಡ ಪತ್ರಿಕೆಗಳಿಲ್ಲ ಎಂದು ಮನೆಗೆ ಕಳಿಸುತ್ತಿತ್ತು. ಹಾಗೆ ಆದವರನ್ನೂ ನೋಡಿದ್ದೇನೆ. ಕಲಿಯುವುದು ಬೇರೆ ಕಡೆ ಇದೆ.

ಒಂದು, ಫಲಿತಾಂಶ ನೋಡುವ ಮೊದಲೇ ಸೊನ್ನೆ ಎಲ್ಲಿ ಬಿದ್ದಿದೆ ಎಂದು ನೋಡಬಹುದಿತ್ತು. ಜಿಲ್ಲೆ, ಉದ್ಯೋಗ, ಸುಂಕ ಗುಣಿಸಿ ಕೂಡುವ ಅಳತೆಗಳಲ್ಲಿ ಎಲ್ಲರ ಕಣ್ಣು ಬದಲಾವಣೆ ಇದ್ದ ಸಾಲುಗಳ ಮೇಲಿರುತ್ತದೆ. ಇವರ ವಿಚಾರದಲ್ಲಿ ಲೆಕ್ಕವನ್ನು ಆಳುತ್ತಿದ್ದದ್ದು ಸೊನ್ನೆಯ ಸಾಲುಗಳು.

ಇನ್ನೊಂದು, ಹಳ್ಳಿಗೆ ಹೋಗಿ ಬಂದರೆ ಜ್ಞಾನೋದಯ ಆಗುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿ ಜಾಸ್ತಿ. ರಾಮನಗರದಿಂದ ಸಂಶೋಧಕಿಗೆ ಒಂದೇ ಒಂದು ಅಂಕಿಯೂ ಸಿಗಲಿಲ್ಲ. ಸಿಕ್ಕಿದ್ದು, ಕೈಯಲ್ಲಿದ್ದ ಅಂಕಿಯನ್ನು ಯಾವ ಸಾಲಿನಲ್ಲಿ ಇಡಬೇಕು ಅನ್ನುವ ತಿಳಿವಳಿಕೆ. ಕೋಷ್ಟಕ ಮಾಡದೆ ಬರೀ ಮಾರುಕಟ್ಟೆಗೆ ಹೋಗಿದ್ದರೆ ಆ ರೀಲರಿನ ಮಾತು ಒಂದು ಒಳ್ಳೆಯ ಉಲ್ಲೇಖವಾಗಿ ಉಳಿಯುತ್ತಿತ್ತು, ಅಷ್ಟೇ.

ತಡ ಮಾಡಿದ್ದಕ್ಕೂ ಬೆಲೆ ಇತ್ತು. ಅಂಕಿ ಕುಗ್ಗಿದ ಮೇಲೂ ಲೇಖನವನ್ನು ಕಳಿಸದೆ, ಬಿಡದೆ ಇಟ್ಟುಕೊಂಡ ಕಾಲ ಪೂರ್ತಿ ದಂಡ. ಸಹಲೇಖಕರಿಗೆ ಆಗಲೇ ಬೇಡ ಎಂದಿದ್ದರೆ ಇಬ್ಬರಿಗೂ ಒಳ್ಳೆಯದಾಗುತ್ತಿತ್ತು ಎಂದು ನನಗನ್ನಿಸುತ್ತದೆ, ಸಂಶೋಧಕಿ ಇದನ್ನು ಪೂರ್ತಿ ಒಪ್ಪುವುದಿಲ್ಲ. ಆ ಗೊಂದಲದಲ್ಲಿ ಇಲ್ಲದಿದ್ದರೆ ಉಪನ್ಯಾಸದ ಆ ಪ್ರಶ್ನೆ ಕಿವಿಗೆ ಬೀಳುತ್ತಿರಲಿಲ್ಲ ಅನ್ನುವುದು ಅವರ ವಾದ.

ಈಗ ಅವರು ಕೂತಿರುವುದು ನೇಕಾರರ ಸಾಲುಗಳ ಮುಂದೆ. ಮಗ್ಗದವರಿಗೆ ಚೀನಾ ನೂಲು ಪೈಪೋಟಿ ಅಲ್ಲ, ಕಚ್ಚಾ ಮಾಲು. ಮಗ್ಗದ ಹಾಸು ಎಳೆಗೆ, ಅಂದರೆ ಉದ್ದಕ್ಕೆ ಕಟ್ಟುವ ಎಳೆಗೆ, ಗಟ್ಟಿ ನೂಲು ಬೇಕು, ಅದಕ್ಕೆ ಅದನ್ನೇ ಹುಡುಕುತ್ತಾರೆ. ಬಟ್ಟೆಯ ಸುಂಕ ಹಾಗೇ ಇದ್ದು ನೂಲಿನದು ಇಳಿದರೆ ರೈತನಿಗೆ ನಷ್ಟವಾದ ದಿನವೇ ನೇಕಾರನಿಗೆ ಲಾಭ. 2021ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಸುಂಕ ಶೇ 10ರಿಂದ 15ಕ್ಕೆ ಏರಿದಾಗ ಇದು ತಿರುಗಾಮುರುಗಾ. ಇದನ್ನು ಕೋಷ್ಟಕದಲ್ಲಿ ಹೇಗೆ ಬರೆಯುವುದು ಎಂದು ಇನ್ನೂ ತೀರ್ಮಾನವಾಗಿಲ್ಲ. ಒಂದೇ ಸುಂಕಕ್ಕೆ ಒಬ್ಬರಿಗೆ ಕೂಡುವ ಗುರುತು, ಇನ್ನೊಬ್ಬರಿಗೆ ಕಳೆಯುವ ಗುರುತು ಹಾಕಬೇಕು. ಸಮೀಕ್ಷೆಯಲ್ಲಿ ರೀಲರ್ ಮತ್ತು ನೇಕಾರ ಇಬ್ಬರೂ ಜವಳಿಯವರು. ಅವರನ್ನು ಬೇರ್ಪಡಿಸುವಷ್ಟು ಸಣ್ಣ ಸಂಕೇತ ಎಲ್ಲ ಸುತ್ತುಗಳಲ್ಲೂ ಒಂದೇ ಥರ ಸಿಗುವುದಿಲ್ಲ. ಬಾಬಿನ್ ಸುತ್ತುವ ಹೆಂಗಸರಿಗೆ ಅಲ್ಲಿಯೂ 92 ಬೀಳುವ ಸಂಭವ ಇದ್ದೇ ಇದೆ. ಸದ್ಯಕ್ಕೆ ಆ ಸಾಲುಗಳನ್ನು ಖಾಲಿ ಬಿಟ್ಟಿದ್ದಾರೆ, ಸೊನ್ನೆ ಹಾಕಿಲ್ಲ.